ಓದಿ ಹೇಳುವವರು ಮನೆಯಲ್ಲಿದ್ದಾರಾ?

ಮಿರ್ಲೆ
೧೪ ನವೆಂಬರ್ ೨೦೨೫

ಪ್ರೀತಿಯ ಬೃಂದಾ,

ಬ್ರೈಲ್ ಪತ್ರ ಬಂತೆಂದು ಹೆದರಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಮಾತಾಡಿದರೆ ನಿನ್ನ ಯಜಮಾನರ ಕಿವಿಗೂ ಬೀಳುತ್ತದೆ. ಅದಕ್ಕೇ ಹಾಸ್ಟೆಲ್ ಕಾಲದ ಬ್ರೈಲ್ ಸ್ಲೇಟು ಹುಡುಕಿ ತೆಗೆದು, ಚುಚ್ಚುತ್ತಾ ಕೂತಿದ್ದೇನೆ. ಬೆರಳು ನೋಯುತ್ತಿದೆ. ಆ ಸಿಟ್ಟೂ ನಿನ್ನ ಮೇಲೇ.

ಪುಸ್ತಕ ಓದಿ ಹೇಳುವ ಆ್ಯಪ್ ಅಪ್‌ಡೇಟ್ ಆದ ಮೇಲೆ ನನ್ನ ಫೋನೂ ನಿನ್ನದರ ಹಾಗೇ ಆಗಿದೆ. ಕನ್ನಡ ಪುಸ್ತಕ ತೆರೆದರೆ ಪುಟದ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಆಮೇಲೆ ಮುಂದಿನ ಪುಟದ ಸಂಖ್ಯೆ. ಅಣ್ಣ, ಸುನಂದತ್ತಿಗೆ ಗದ್ದೆಗೆ ಹೋದ ಮೇಲೆ ಈ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದುದು ಆ ದನಿಯೊಂದೇ ಕಣೇ. ಕಾದಂಬರಿ ಅರ್ಧಕ್ಕೇ ನಿಂತಿದೆ. ಅದರೊಳಗಿನ ಹುಡುಗಿ ಬದುಕಿದಳೋ ಇಲ್ಲವೋ ತಿಳಿಯದೆ ಸೌತೆಕಾಯಿ ಹೆಚ್ಚುತ್ತೇನೆ. ಅಳು ಬರುತ್ತದೆ.

ಕಣ್ಣು ಕಾಣದ ನಾವೆಲ್ಲ ಸೇರಿ ಅರ್ಜಿ ಕಳಿಸಿ ಕಳಿಸಿ, ಆ್ಯಪ್ ಮಾಡಿದ ಅಷ್ಟು ದೊಡ್ಡ ಕಂಪನಿಯವರು ಕೊನೆಗೂ ಎಲ್ಲರನ್ನೂ ಒಂದೇ ಕಾಲ್‌ನಲ್ಲಿ ಸೇರಿಸಿದರು. ಸರಿಯಾಗುವವರೆಗೆ ಓದಿ ಹೇಳಲು ಮನೆಯಲ್ಲಿ ಯಾರಾದರೂ ಇದ್ದಾರಾ ಎಂದು ಕಂಪನಿಯ ಹೆಣ್ಣುಮಗಳು ಎಷ್ಟು ಮರ್ಯಾದೆಯಿಂದ ಕೇಳಿದಳು. ನೀನೇ ಮೊದಲು ಬಾಯಿ ಹಾಕಿದೆ: “ನಮ್ಮನೇವ್ರು ದಿನಾ ಓದಿ ಹೇಳ್ತಾರೆ ಕಣ್ರೀ.” ಅವರು ಪಕ್ಕದಲ್ಲೇ ಇದ್ದರು, ಕೆಮ್ಮು ಕೇಳಿಸಿತು. ಚುಂಚನಕಟ್ಟೆಯ ಮರಿಯಯ್ಯನವರು ಹಿಂದೆ ಬಿದ್ದಾರೆಯೇ? “ನಮ್ ಸೊಸೆ ಓದ್ತಾಳೆ ಬುಡಿ” ಎಂದರು. ಹೊರಗಿನವರ ಮುಂದೆ ಮನೆಯ ಮಾನ ಕಾಯುವುದರಲ್ಲಿ ನಾವೆಲ್ಲ ಎಷ್ಟು ಚುರುಕು! ನಾನು ತುಟಿ ಬಿಚ್ಚಲಿಲ್ಲ. ಅತ್ತಿಗೆ ಅಲ್ಲೇ ಅಕ್ಕಿ ಕೇರುತ್ತಿದ್ದರು.

ಕಂಪನಿಯ ಉತ್ತರ ನಿನಗೂ ಬಂದಿದೆ. ಎಲ್ಲರಿಗೂ ಮನೆಯಲ್ಲಿ ನೆರವಿದೆಯಂತೆ, ಹಾಗಾಗಿ ಕನ್ನಡದ ದನಿ ತುರ್ತಲ್ಲವಂತೆ. ನಾನು ಮತ್ತೆ ಬರೆದು ಗೋಗರೆದೆ. ಈಗ ಒಬ್ಬೊಬ್ಬರಿಗೂ ಬೇರೆಯಾಗಿ ಫೋನ್ ಮಾಡಿ ಕೇಳುತ್ತಾರೆ. ಈ ಸಲವೂ ಹಾಗೇ ಅಂದರೆ ಮುಗಿಯಿತು, ಇನ್ನು ಕೇಳುವವರಿಲ್ಲ.

ನಿನ್ನ ಸರದಿ ಬಂದಾಗ ನಿಜ ಹೇಳು. ನಿನ್ನ ಯಜಮಾನರು ಕೆಟ್ಟವರಲ್ಲ. ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ನಿಮ್ಮೂರು ಕೋಟೆಯ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಬಸ್ಸು ಹತ್ತಿಸುತ್ತಾರೆ. ಓದಿ ಹೇಳುವುದಿಲ್ಲ, ಅಷ್ಟೇ. ಹಾಸ್ಟೆಲಿನಲ್ಲಿ ಒಂದೇ ಪುಸ್ತಕದ ಮೇಲೆ ನಿನ್ನ ಬೆರಳು ಮೇಲಿನ ಸಾಲಿನಲ್ಲಿ, ನನ್ನದು ಕೆಳಗಿನ ಸಾಲಿನಲ್ಲಿ ಓಡುತ್ತಿದ್ದವು. ನೀನು ಬೇಕೆಂದೇ ನಿಧಾನಿಸುತ್ತಿದ್ದೆ, ಕಳ್ಳಿ. ಆಗ ಯಾರ ಬಿಡುವನ್ನೂ ಕಾಯಬೇಕಿರಲಿಲ್ಲ. ನನಗೆ ಅದು ಮತ್ತೆ ಬೇಕು.

ನಿನ್ನ
ಪುಟ್ಟಲಕ್ಷ್ಮಿ

ಇನ್ನೊಂದು ಮಾತು: ನನಗೆ ಭಾನುವಾರವೇ ಫೋನ್ ಬಂತು. ಅಣ್ಣ, ಅತ್ತಿಗೆ ಇಬ್ಬರೂ ಎದುರಿಗೇ ಕೂತಿದ್ದರು. “ನಮ್ಮನೇಲಿ ಯಾರೂ ಓದಿ ಹೇಳಲ್ಲ ಕಣಮ್ಮ” ಅಂದುಬಿಟ್ಟೆ. ಅವತ್ತಿನಿಂದ ಇಬ್ಬರೂ ನನ್ನೊಡನೆ ಮಾತಾಡಿಲ್ಲ. ಎದುರಿಗೆ ತಟ್ಟೆ ಇಟ್ಟ ಸದ್ದಾದರೆ ಊಟದ ಹೊತ್ತೆಂದು ತಿಳಿದುಕೊಳ್ಳುತ್ತೇನೆ. ನೀನು ಬರೆಯುವಾಗ ಉದ್ದವಾಗಿ ಬರೆ.