ಒಲೆಯ ಕೆಳಗೆ

ಅಪ್ಪಾ,

ನಮ್ಮ ಅಡುಗೆಮನೆ ಇವತ್ತು ನೆಲದೊಳಕ್ಕೆ ಕುಸಿದುಹೋಯಿತು. ಅಮ್ಮನಿಗೆ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ತಿಂಗಳಿಂದ ನಮ್ಮ ಬೀದಿಯಲ್ಲಿ ಯಾರ ಮನೆಯ ಬಾಗಿಲೂ ಸಲೀಸಾಗಿ ಮುಚ್ಚುತ್ತಿರಲಿಲ್ಲ. ಬಡಗಿಯಲ್ಲವೇ ನಾನು, ಮರ ಉಬ್ಬಿದೆ ಎಂದು ಉಜ್ಜುಗೊರಡು ಹಿಡಿದು ಮನೆಮನೆಗೂ ಹೋಗಿ ಹೆರೆದುಕೊಟ್ಟೆ. ಕೈತುಂಬ ಕೆಲಸ ಎಂದು ಹಿಗ್ಗಿದೆ. ವಾಲುತ್ತಿದ್ದದ್ದು ಗೋಡೆ ಎಂದು ಈ ಮಂಕುತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ನಮ್ಮ ಬಾಗಿಲನ್ನೇ ಹೆರೆಯುತ್ತಿದ್ದೆ. ಅದು ತಾನಾಗಿ ತೆರೆದುಕೊಂಡಿತು. ಒಲೆಯ ಮುಂದೆ ನಿಂತಿದ್ದ ಅಮ್ಮನ ಕಾಲ ಬಳಿ ನೆಲ ಬಿರಿಯುತ್ತಿತ್ತು. ರಟ್ಟೆ ಹಿಡಿದು ಎಳೆದುಕೊಂಡೆ. ಒಲೆ, ಪಾತ್ರೆ, ಗೋಡೆ, ಎಲ್ಲ ಕೆಳಗೆ ಹೋದವು.

ಧೂಳು ಇಳಿದಾಗ ಗುಂಡಿಯೊಳಗೆ ಹಳೆಯ ಗಣಿಯ ಸುರಂಗ ಕಾಣಿಸಿತು. ಆಸರೆಯ ಕಂಬದ ಮೇಲೆ ನಿನ್ನ ತಂಡದ ಗುರುತಿನ ಬಿಳಿ ಪಟ್ಟಿ ಇನ್ನೂ ಅಳಿಸಿಲ್ಲ. ನಿನ್ನನ್ನು ಒಳಗೇ ಬಿಟ್ಟು ಗಣಿ ಮುಚ್ಚಿದವರು, ನೀನು ಸಿಕ್ಕಿಬಿದ್ದ ಸುರಂಗ ಗುಡ್ಡದಾಚೆ ಎಲ್ಲೋ ಇದೆ ಎಂದಿದ್ದರು.

ಎಷ್ಟು ಬೇಡವೆಂದರೂ ಅಮ್ಮ ಹೊಸ್ತಿಲ ಮೇಲೆ ಕೂತು ಬಗ್ಗಿ ನೋಡಿದಳು.

"ಇಷ್ಟು ಹತ್ತಿರ ಇದ್ರಾ ನಿಮ್ಮಪ್ಪ? ಊಟಕ್ಕೆ ಕೂಗಿದ್ದಿದ್ರೆ ಕೇಳಿಸ್ತಿತ್ತಲ್ಲೋ."