ಎಂಟನೆಯ ದೂರು

ಮೇಲಿನ ಮನೆಯ ಲೇತ್ ಮೇಸ್ತ್ರಿಗಳಿಗೆ,

ನಮಸ್ಕಾರ. ನಿಮ್ಮ ಕ್ಯಾಸೆಟ್ಟಿನ ಗಲಾಟೆ ತಡೆಯಲಾರದೆ ಹಿಂದೆ ಏಳು ದೂರು ಬರೆದಿದ್ದೆ. ಇದು ಎಂಟನೆಯದು. ನೀವು ಮಗಳ ಮನೆ ಸೇರಿ ಮೂರು ತಿಂಗಳಾಯಿತು. ನಿಮ್ಮ ಬಾಗಿಲಿಗೆ ಹಾಕಿದ ಬೀಗ ಹಾಗೇ ಇದೆ.

ಮೊನ್ನೆ ಅಂಗಡಿಯಲ್ಲಿ ನಿಮ್ಮ ಆ ರಾಕ್ ತಂಡದ ಸಿಡಿ ಕಣ್ಣಿಗೆ ಬಿತ್ತು. ನಲವತ್ತು ವರ್ಷಗಳ ಆಯ್ದ ಹಾಡುಗಳಂತೆ. ಚಿತ್ರದಲ್ಲಿ ಆ ಜಡೆಮುನಿಗಳ ತಲೆಯೆಲ್ಲ ಬೋಳಾಗಿದೆ. ತಂದು ಹಾಕಿದೆ. ಹಾಡುಗಳು ಅವೇ, ಕ್ರಮ ಮಾತ್ರ ಬೇರೆ. ಆ ಕಿರುಚಾಟದ ಹಾಡು ಮುಗಿದ ಕೂಡಲೇ ನೀವು ಕ್ಯಾಸೆಟ್ ತಿರುಗಿಸಲು ಏಳುತ್ತಿದ್ದಿರಿ. ನಿಮ್ಮ ಹೆಜ್ಜೆ ಕೇಳಿ ನಾನು ಒಲೆ ಹಚ್ಚುತ್ತಿದ್ದೆ. ಈಗ ಎಷ್ಟೋ ಸಂಜೆ ಹಚ್ಚುವುದೇ ಮರೆತುಹೋಗುತ್ತದೆ. ದಯವಿಟ್ಟು ಹಾಡುಗಳ ಹಳೆಯ ಕ್ರಮವನ್ನು ಬರೆದು ಕಳಿಸಿ.

ನಿನ್ನೆ ಸದ್ದು ಜೋರು ಮಾಡಿದ್ದಕ್ಕೆ ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿದಳು.

"ಏನ್ರೀ ಟೀಚರ್, ಈ ವಯಸ್ಸಲ್ಲಿ ಇದೇನ್ರೀ ನಿಮ್ಮದು?"

ನಾನು ಮೇಲಕ್ಕೆ ಕೈ ತೋರಿಸಿದೆ. "ನಂದಲ್ಲಮ್ಮ, ಮೇಲಿನ ಮನೆಯವರದ್ದು. ಎಷ್ಟು ಸಲ ಬರೆದ್ರೂ ಕೇಳಲ್ಲ."

ಇಂತಿ,
ಕೆಳಗಿನ ಮನೆಯ ಟೀಚರ್