ಚರ್ಚಿನ ಅಡುಗೆಮನೆಯ ಒರೆಸುಬಟ್ಟೆ

ಅಕ್ಟೋಬರ್ ೧೬, ಬುಧವಾರ. ಮೆಂಫಿಸ್.

ಮೀನು ಕರಿದ ಎಣ್ಣೆಯ ವಾಸನೆ ತಲೆಗೂದಲಿಗೂ ಹತ್ತಿದೆ. ತೊಳೆಯಲು ಮನಸ್ಸಿಲ್ಲ.

ಬಿಪಿ ತಪಾಸಣೆಯ ನಮ್ಮ ವ್ಯಾನು ಬೆಳಿಗ್ಗೆ ಹತ್ತಕ್ಕೇ ಚರ್ಚಿನ ಮುಂದೆ ನಿಲ್ಲಬೇಕೆಂದು ಹಟ ಹಿಡಿದವಳು ನಾನೇ. ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. "ಡಾಕ್ಟ್ರೇ, ಆ ಹೊತ್ತಲ್ಲಿ ಎಲ್ರೂ ಕೆಲಸಕ್ಕೆ ಹೋಗಿರ್ತಾರೆ. ಚರ್ಚಿನ ಗೋಡೆಗೆ ಬಿಪಿ ನೋಡ್ತೀರಾ?" ಎಂದು ಅಲ್ಲಿನ ಅಡುಗೆಮನೆಯ ಯಜಮಾನಿ ವರ್ಲೀನಮ್ಮ ನಕ್ಕಿದ್ದರು. ಇವತ್ತು ಅವರು ಹೇಳಿದಂತೆ ಸಂಜೆ, ಬೈಬಲ್ ಪಾಠ ಮುಗಿಯುವ ಹೊತ್ತಿಗೆ ನಿಲ್ಲಿಸಿದೆ. ಸಾಲು ಬೀದಿಯ ತಿರುವಿನವರೆಗೂ ಹೋಯಿತು! ಹಾಡುವ ತಂಡದ ಗಂಡಸರೂ ಅಂಗಿಯ ತೋಳು ಮೇಲೆತ್ತಿಕೊಂಡು ನಿಂತಿದ್ದರು.

ಚರ್ಚಿನಲ್ಲೇ ಮೀನೂಟವಾದ ಮೇಲೆ ಎಂದಿನಂತೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತೆ. ಹೊರಗಿನವರನ್ನು ಅವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಷ್ಟು ವರ್ಷ ನನ್ನ ಕೈಗೆ ತಟ್ಟೆ ಕೊಟ್ಟು, ಗೌರವದಿಂದ ಹೊರಗೇ ಕೂರಿಸಿದ್ದಾರೆ. ವಿಶ್ವವಿದ್ಯಾಲಯಕ್ಕೆ ನಾನು ಬರೆಯುವ ವರದಿಗಳಲ್ಲಿ ಮಾತ್ರ ಚರ್ಚಿನವರೂ ನಾನೂ ಸಹಭಾಗಿಗಳು.

ವರ್ಲೀನಮ್ಮ ಬಟ್ಟೆಯೊಂದನ್ನು ನನ್ನ ಮೇಲೆಸೆದರು. "ಏನೇ, ನೆಂಟರ ಥರ ನಿಂತಿದ್ದೀಯಾ? ಬಾ ಒಳಗೆ, ತಟ್ಟೆ ಒರೆಸು!"

ಒರೆಸಿದೆ. "ಅಂಚಲ್ಲಿ ನೀರು ಹಾಗೇ ಇದೆ. ನಿನ್ನನ್ನ ಯಾರೇ ಡಾಕ್ಟರ್ ಮಾಡಿದ್ದು?" ಎಂದು ಬೈಸಿಕೊಂಡೆ. ವಿಶ್ವವಿದ್ಯಾಲಯದ ಸನ್ಮಾನದಲ್ಲೂ ಇಷ್ಟು ಉಬ್ಬಿರಲಿಲ್ಲ.

ಕಣ್ಣು ಎಳೆಯುತ್ತಿದೆ. ಆ ಬಟ್ಟೆ ನನ್ನ ಚೀಲದಲ್ಲೇ ಬಂದುಬಿಟ್ಟಿದೆ. ನಾಳೆ ಕೊಟ್ಟುಬರಬೇಕು, ಅಡುಗೆಮನೆಯ ಬಾಗಿಲಿಂದಲೇ…